ಹತ್ತು ಗಂಟೆಗೆ ಕೊರೊನಾ ಎದ್ದೇಳುತ್ತಾ?

2021ರ ಮೇ, ಕೊರೊನಾ ಲಾಕ್‌ಡೌನ್. ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಅಂಥ ಒಂದು ದಿನ ಬೆಳಿಗ್ಗೆ 9:52. ಬಸವನಗುಡಿಯ ನಮ್ಮ ಬೀದಿ ಅಂಗಡಿಯಲ್ಲಿ ಕೊನೆಗೂ ನನ್ನ ಸರದಿ ಬಂತು. 'ಅರ್ಧ ಕೆಜಿ ತೊಗರಿಬೇಳೆ' ಅನ್ನುವಷ್ಟರಲ್ಲಿ ಶಟರ್ ಅರ್ಧ ಇಳಿಯಿತು. 'ನಾಳೆ ಬನ್ನಿ ಸಾರ್, ಜೀಪ್ ಬರೋ ಟೈಮು.'

ಅಲ್ಲಾ ಸ್ವಾಮಿ, ಜನ ಗುಂಪು ಸೇರಬಾರದು ಅಂತ ತಾನೇ ಲಾಕ್‌ಡೌನ್? ಮತ್ತೆ ಇಡೀ ಏರಿಯಾವನ್ನು 6ರಿಂದ 10ರೊಳಗೆ ಒಂದೇ ಅಂಗಡಿ ಮುಂದೆ ತಂದು ನಿಲ್ಲಿಸಿದ್ದು ಯಾವ ಲೆಕ್ಕ? ಹತ್ತರ ಮೇಲೆ ವೈರಸ್ ತಿಂಡಿ ಮುಗಿಸಿ ಡ್ಯೂಟಿಗೆ ಹೊರಡುತ್ತಾ?

2021ರ ಮೇ 10ರಿಂದ ಇನ್ನೊಂದು ನಿಯಮ ಶುರುವಾಗಿತ್ತು. ಸಾಮಾನು ತರೋಕೆ ಗಾಡಿ ತೆಗೆಯುವ ಹಾಗಿರಲಿಲ್ಲ, ನಡೆದೇ ಹೋಗಬೇಕಿತ್ತು. ಹತ್ತು ಕೆಜಿ ಅಕ್ಕಿ ತಲೆ ಮೇಲೆ ಹೊರಲಾ? ಆಮೇಲೆ 'ಹತ್ತಿರದ ಅಂಗಡಿಗಾದರೆ ಗಾಡಿ ಪರವಾಗಿಲ್ಲ' ಅಂದರು. ಹತ್ತಿರ ಅಂದ್ರೆ ಎಷ್ಟು ಹತ್ತಿರ? ಅದು ಬ್ಯಾರಿಕೇಡ್ ಪಕ್ಕ ಲಾಠಿ ಹಿಡಿದವರ ಮೂಡಿಗೆ ಬಿಟ್ಟಿದ್ದು.

ಅಂಗಡಿ ಮುಂದಿನ ಸುಣ್ಣದ ವೃತ್ತಗಳು ಹೋದ ವರ್ಷದವು, ಅರ್ಧ ಅಳಿಸಿವೆ. ಅವುಗಳೊಳಗೆ ಚಪ್ಪಲಿ, ಕೈಚೀಲ, ಒಂದು ಹಾಲಿನ ಕ್ಯಾನು ಶಿಸ್ತಾಗಿ ಅಂತರ ಕಾಪಾಡುತ್ತಿವೆ. ಅವುಗಳ ಮಾಲೀಕರೆಲ್ಲ ಹೊಂಗೆ ಮರದ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ, ಮಾಸ್ಕ್ ಗಲ್ಲಕ್ಕೆ ಇಳಿಸಿ ಹರಟೆ!

ಖಾಲಿ ಚೀಲ ಮಡಚಿಕೊಂಡು ಹೊರಟರೆ ಎದುರಿಗೇ ಮೈಕ್ ಕಟ್ಟಿದ ಆಟೋ. 'ಮನೆಯಲ್ಲೇ ಇರಿ!'

ಇರ್ತೀನಪ್ಪಾ. ಬೇಳೆ ಕೊಡಿಸು.