ಒಂದು ‘ಪಂ’ ಹುಡುಕುತ್ತಾ

ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ನನಗೆ ಒಂದೇ ಕೆಲಸ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆ ಕನ್ನಡ ಪತ್ರಿಕೆಗಳ ಸ್ಕ್ಯಾನ್ ತೆರೆದು ‘ಪಂಜೆ’ ಅನ್ನೋ ಮನೆತನದ ಹೆಸರು ಹುಡುಕುವುದು. ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಅವರ ಹಾವಿನ ಪದ್ಯ ಹಾಡದೆ ಪ್ರೈಮರಿ ಶಾಲೆ ದಾಟಿದವರು ನಮ್ಮಲ್ಲಿ ಕಮ್ಮಿ. ಪುಸ್ತಕದಲ್ಲಿ ಇರುವುದನ್ನು ಓದಿದ್ದೆ. ಅದೆಲ್ಲ ಮೊದಲ ಸಲ ಅಚ್ಚಾದ ಪುಟ ಹೇಗಿತ್ತು, ಪಕ್ಕದಲ್ಲಿ ಏನಿತ್ತು, ಅದನ್ನು ನೋಡಬೇಕಿತ್ತು.

‘ಪಂಜೆ’ ಅಂತ ಹುಡುಕಿದರೆ ಉಡುವ ಪಂಜೆಯೂ ಬರುತ್ತದೆ. ಅಕ್ಷರ ಗುರುತಿಸುವ ಯಂತ್ರ ಏತ್ವ ನುಂಗಿದ್ದರೆ ಅಂತ ‘ಪಂಜ’ ಹಾಕಿದೆ. ಹುಲಿಯ ಪಂಜ ಬಂತು, ಸುಳ್ಯದ ಪಂಜ ಬಂತು. ಇನ್ನೊಂದು ತೊಡಕು ಗೊತ್ತಾಗಲು ಒಂದು ವಾರವೇ ಬೇಕಾಯಿತು. ವಿವರ ಟೈಪ್ ಮಾಡಿದವರು ಎಷ್ಟೋ ಕಡೆ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದಾರೆ. ‘ಪಂಜೆ’, ‘ಪ೦ಜೆ’. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇಂಗ್ಲಿಷಿನಲ್ಲಿ ಹುಡುಕೋಣ ಅಂದರೆ ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ರಾವ್ ಅನ್ನೋದನ್ನು ಆರ್-ಓ-ಡಬ್ಲ್ಯೂ ಅಂತ ಬರೆಯುವ ರೂಢಿಯೂ ಇತ್ತು.

ಇಷ್ಟೆಲ್ಲ ದಾಟಿದ ಮೇಲೆ ಅರ್ಥವಾದದ್ದು ಬೇರೆ. ಪಂಜೆಯವರು ಬರೆದ ಕಡೆ ‘ಪಂಜೆ’ ಅಂತ ಇರಲೇಬೇಕು ಅಂತೇನಿಲ್ಲ. ‘ಕವಿಶಿಷ್ಯ’ ಅಂದರೂ ಅವರೇ. ‘ಹರಟೆಮಲ್ಲ’ ಅಂದರೂ ಅವರೇ. ಇನ್ನೊಂದು ಸಹಿ ‘ರಾ. ಮ. ಪಂ.’ ರಾ ಅಂದರೆ ತಂದೆ ರಾಮಪ್ಪಯ್ಯ, ಮ ಅಂದರೆ ಮಂಗೇಶ. ಇಡೀ ಮನೆತನ ಕೊನೆಯ ಒಂದು ‘ಪಂ’ನಲ್ಲಿ ಕೂತಿದೆ. ಇದನ್ನು ಯಾವ ಸರ್ಚ್ ಬಾಕ್ಸ್ ಹುಡುಕಿಕೊಡುತ್ತೆ ಹೇಳಿ? ಒಂದೊಂದೇ ಪುಟ ತಿರುಗಿಸಿ ಬರಹದ ತಲೆ, ಕಾಲು ಎರಡೂ ನೋಡಬೇಕು. ಈಗ ಹಾಗೇ ನೋಡುತ್ತಿದ್ದೇನೆ.

ಹೋದ ತಿಂಗಳು ಒಂದು ಗ್ರಂಥಾಲಯಕ್ಕೂ ಹೋಗಿದ್ದೆ. ಹಳೆ ಮಾಸಪತ್ರಿಕೆಯ ಸಂಪುಟ ತಂದುಕೊಟ್ಟರು. ಗಟ್ಟಿ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ, ಒಳಗೆ ಹುಳು ಕೊರೆದ ಸಣ್ಣ ಸಣ್ಣ ತೂತು. ಆದರೆ ಬೈಂಡ್ ಮಾಡುವಾಗ ಪ್ರತಿ ಸಂಚಿಕೆಯ ರಕ್ಷಾಪುಟ ಕಿತ್ತು ಹಾಕಿದ್ದಾರೆ. ತಿಂಗಳು, ಪರಿವಿಡಿ, ಜಾಹೀರಾತು ಎಲ್ಲ ಅದರ ಜೊತೆಗೇ ಹೋಗಿದೆ. ಕೈಯಲ್ಲಿ ಬರಹ ಇದೆ, ಯಾವ ತಿಂಗಳಿನದು ಅಂತ ಗೊತ್ತಿಲ್ಲ. ಹೊಟ್ಟೆ ಉರಿಯಿತು.

ಇದು ಸುಮ್ನೆ ಹಳೇ ಕಾಗದದ ಮೋಹ ಅಲ್ಲ. ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಹೊತ್ತಿಗೆ ಪಂಜೆಯವರ ಕತೆಗಳು ಬಂದವು. ಕನ್ನಡದ ಮೊದಲ ಸಣ್ಣಕತೆ ಯಾವುದು ಅನ್ನೋ ಮಾತು ಬಂದಾಗೆಲ್ಲ ಅವರ ಹೆಸರು ಬರುತ್ತದೆ. ಆ ಮಾತು ಇತ್ಯರ್ಥ ಆಗಬೇಕಾದರೆ ತಿಂಗಳು, ವರ್ಷ ಅಚ್ಚಾದ ಪುಟವೇ ಬೇಕು ಅಲ್ವಾ?

ಸ್ಕ್ಯಾನ್ ಮಾಡುವವರ ಮೇಲೆ ನನಗೆ ತುಂಬಾ ಗೌರವ. ಆದರೆ ಸ್ಕ್ಯಾನ್ ಅರ್ಧ ಕೆಲಸ. ಪ್ರತಿ ಸಂಚಿಕೆಯ ಪರಿವಿಡಿಯನ್ನು ಯಾರಾದರೂ ಕೂತು ಟೈಪ್ ಮಾಡಬೇಕು. ಕಾವ್ಯನಾಮದ ಮುಂದೆ ನಿಜವಾದ ಹೆಸರು ಸೇರಿಸಬೇಕು. ಅದಕ್ಕೆ ಜಾಸ್ತಿ ದುಡ್ಡು ಬೇಡ, ಓದಿದವರ ಕಣ್ಣು ಬೇಕು. ನಾನು ನೋಟ್‌ಬುಕ್ಕಿನಲ್ಲಿ ಶುರು ಮಾಡಿದ್ದೇನೆ: ಪತ್ರಿಕೆ, ತಿಂಗಳು, ಅಚ್ಚಾದ ಸಹಿ.

ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಹಳೆ ಪತ್ರಿಕೆ ಇದ್ದರೆ ಗುಜರಿಗೆ ಹಾಕಬೇಡಿ. ರಕ್ಷಾಪುಟದ್ದೂ ಪರಿವಿಡಿಯದ್ದೂ ಒಂದೊಂದು ಫೋಟೊ ತೆಗೆದು ಕಳಿಸಿ, ಮೊಬೈಲಿನದೇ ಸಾಕು. ‘ಹರಟೆಮಲ್ಲ’ ಅಂತ ಎಲ್ಲಾದರೂ ಕಂಡರೆ ಫೋನೇ ಮಾಡಿ. ಎಷ್ಟು ಹೊತ್ತಾಗಿದ್ದರೂ ಸರಿ, ಎದ್ದಿರುತ್ತೇನೆ.