ಮುಕ್ಕುರಿಯ ಮುನಿಸು

ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊಗೆ, ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಸಂಸ್ಕೃತಿಯ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳ ಚೀಲದಲ್ಲಿ ನಲವತ್ತು ಪ್ರಶ್ನೆಗಳ ಪಟ್ಟಿ ಇರುತ್ತದೆ. ವಾರದ ರಜೆ ಯಾವತ್ತು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಸಪ್ಪೊರೊದಿಂದ ಒಂದು ಗಂಟೆ ಚಿಲ್ಲರೆ ರೈಲು, ಶಿರಾವೊಯಿ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಎದುರಿಗೆ 2020ರಲ್ಲಿ ತೆರೆದ ಐನು ಮ್ಯೂಸಿಯಂ ಆವರಣ ಉಪೊಪೊಯ್, ಅದರ ಗೇಟಿಗೆ ಬೀಗ. ಸೋಮವಾರ! ಸೋಮವಾರವೇ ಸರ್ಕಾರಿ ರಜೆ ಬಿದ್ದರೆ ಅಂದು ತೆರೆದು ಮರುದಿನ ಮುಚ್ಚುತ್ತಾರೆ. ಹಾಗಾಗಿ ಬುದ್ಧಿವಂತಿಕೆಯಿಂದ ಮಂಗಳವಾರ ಹೋದವರೂ ಬಚಾವಾಗುವುದಿಲ್ಲ.

ಒಳಗೆ ಹೋದಮೇಲೆ ಹುಲ್ಲು ಹೊದಿಸಿದ ಮನೆ, ಚಿಸೆ. ಬಾಗಿಲಿಗೆ ಎದುರಾಗಿ ಒಳತುದಿಯಲ್ಲೊಂದು ಕಿಟಕಿ. ಬೆಳಕು ಚೆನ್ನಾಗಿದೆಯೆಂದು ಹೊರಗಿನಿಂದ ಅದಕ್ಕೇ ಫೋನು ತೂರಿಸುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅದು ಕಮುಯ್‌ಗಳು, ಅಂದರೆ ದೇವರು, ಬರುವ ದಾರಿ. ಅಲ್ಲಿಂದ ಇಣುಕಬಾರದು.

ಮಾತುಕತೆಯಲ್ಲಿ ಮೊದಲ ಪ್ರಶ್ನೆಯೇ "ನೀವು ಐನು ಅಲ್ವಾ?" ಆಗಿಬಿಟ್ಟರೆ ಕೆಲಸ ಕೆಟ್ಟಂತೆ. ಐನು ಅಂದರೆ ಅವರ ಭಾಷೆಯಲ್ಲಿ ಮನುಷ್ಯ. ಅಪರಿಚಿತರ ಮನೆಗೆ ಹೋಗಿ "ನೀವು ಮನುಷ್ಯರಾ?" ಎಂದು ವಿಚಾರಿಸಿದ ಹಾಗೆ. "ಯೂನಿವರ್ಸಿಟಿಯಿಂದ ಬಂದಿದ್ದೇವೆ" ಎಂದರೂ ಮುಖ ಅರಳುವುದಿಲ್ಲ. ಹಿಂದೆ ಹಾಗೆ ಬಂದವರು ತಲೆಬುರುಡೆ ಅಳೆದು, ಸಮಾಧಿ ಅಗೆದು ಮೂಳೆ ಹೊತ್ತೊಯ್ದಿದ್ದರು. ಇದು ನಗುವ ವಿಷಯವಲ್ಲ, ತಿಳಿದೇ ಹೋಗಬೇಕು.

ಬರೆದುಕೊಳ್ಳುವುದರಲ್ಲಿ ಮಾತ್ರ ಕನ್ನಡದವರಿಗೆ ಸಲೀಸು. ಐನು ಪದಗಳು ವ್ಯಂಜನದಲ್ಲೂ ಮುಗಿಯುತ್ತವೆ. ಜಪಾನಿ ನಾಲಿಗೆ ಕೊನೆಗೊಂದು ಸ್ವರ ಅಂಟಿಸಿ 'ಪೆಟ್' ಅನ್ನುವ ನದಿಯನ್ನು 'ಬೆತ್ಸು' ಮಾಡಿಕೊಂಡಿದೆ, ನಾವು 'ಬಸ್' ಅನ್ನು 'ಬಸ್ಸು' ಮಾಡಿದಂತೆ. ನಮ್ಮಲ್ಲಿ ಅರ್ಧಾಕ್ಷರವಿದೆ, ಬಳಸಿ.

ಅಸಲಿ ಮರ್ಯಾದೆ ಹೋಗುವುದು ಮುಕ್ಕುರಿಯ ಮುಂದೆ, ಅಂದರೆ ಮೋರ್ಚಿಂಗ್‌ನಂಥ ಐನು ಬಾಯಿವಾದ್ಯದ ಮುಂದೆ. ಗೇಣಿಗಿಂತ ಚಿಕ್ಕ ಬಿದಿರಿನ ಪಟ್ಟಿ, ನಡುವೆ ಸೀಳಿದ ನಾಲಿಗೆ, ತುದಿಗೊಂದು ದಾರ. ಎಡಗೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿ, ಬಾಯಿ ತುಸು ತೆರೆದು, ಬಲಗೈಯಿಂದ ದಾರವನ್ನು ನೇರ ಪಕ್ಕಕ್ಕೆ ಜಗ್ಗಬೇಕು. ಎಲ್ಲರೂ ಓರೆಯಾಗಿ ಎಳೆಯುತ್ತಾರೆ, ಬಿದಿರು 'ಟಕ್' ಅನ್ನುತ್ತದೆ, ಅಷ್ಟೇ. ಜೋರಾಗಿ ಎಳೆದರೆ ಎಡಗೈಯೂ ಜೊತೆಗೇ ಬರುತ್ತದೆ. ತುಟಿ ತಾಗಿದರೆ ನಾಲಿಗೆ ಅದುರುವುದಿಲ್ಲ. ಹತ್ತು ನಿಮಿಷಕ್ಕೆ ಗಲ್ಲದ ಮೇಲೆ ಜೊಲ್ಲು, ಬೆರಳಿಗೆ ದಾರದ ಗೆರೆ. ಬಿದಿರು ಅದುರುವುದೇ ಸಾಕು, ಸ್ವರ ಹುಟ್ಟುವುದು ಬಾಯೊಳಗಿನ ಟೊಳ್ಳಿನಲ್ಲಿ. ಇದನ್ನು ಕಲಿಸುವ ಅಜ್ಜಿಗೆ ನಗು ತಡೆಯಲಾಗದೆ ಹೋದಾಗಲೇ, ಪಟ್ಟಿಯಲ್ಲಿಲ್ಲದ ಮಾತುಗಳು ಶುರುವಾಗುವುದು.

ಆಗ ರೆಕಾರ್ಡರ್ ಆನ್ ಇದೆಯೇ, ಅನುಮತಿ ಕೇಳಿದ್ದೀರೇ ನೋಡಿಕೊಳ್ಳಿ. ಚಳಿಗಾಲವಾದರೆ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ, ಜೊತೆಗೊಂದು ಕರವಸ್ತ್ರವೂ.