ಮೈದಾನ ಬಂದ್ ಮಾಡುವ ಶಿಕ್ಷೆ ನಿಲ್ಲಬೇಕು

ಅಪರಾಧದ ಆರೋಪ ಹೊತ್ತ ಮಕ್ಕಳನ್ನು ಇರಿಸುವ ಗೃಹಗಳಲ್ಲಿ ಒಂದು ಶಿಕ್ಷೆ ಸಲೀಸಾಗಿ ಜಾರಿಯಾಗುತ್ತದೆ: ಜಗಳವಾಡಿದೆಯಾ, ಈ ವಾರ ನಿನಗೆ ಮೈದಾನವಿಲ್ಲ. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಹಾಗಾಗಿ ಇದರಲ್ಲಿ ತಪ್ಪೇನೂ ಯಾರಿಗೂ ಕಾಣುವುದಿಲ್ಲ. ನನಗೆ ಮಾತ್ರ ಇದಕ್ಕಿಂತ ವಿವೇಕಹೀನ ಶಿಕ್ಷೆ ಬೇರೊಂದು ತೋಚುವುದಿಲ್ಲ.

ಇಬ್ಬರು ಮಕ್ಕಳು ಹುಸಿಗುದ್ದಾಟಕ್ಕೆ ಇಳಿದಾಗ ಗಮನವಿಟ್ಟು ನೋಡಿ. ಬಲಶಾಲಿಯಾದವನು ಆಗಾಗ ಬೇಕೆಂದೇ ಸೋಲುತ್ತಾನೆ. ಇಲ್ಲದಿದ್ದರೆ ಎದುರಿನವನು ಆಟ ಬಿಟ್ಟು ಎದ್ದು ಹೋಗುತ್ತಾನೆ. ಪೆಟ್ಟು ಜೋರಾಯಿತೆಂದು ಮುಖ ನೋಡಿಯೇ ತಿಳಿದು ಕೈ ಹಿಡಿತಕ್ಕೆ ತಂದುಕೊಳ್ಳುತ್ತಾನೆ. ಸೋತವನು ಸಿಟ್ಟು ನುಂಗಿಕೊಂಡು ಇನ್ನೊಂದು ಆಟಕ್ಕೆ ಕರೆಯುತ್ತಾನೆ. ಎಲ್ಲಿ ನಿಲ್ಲಿಸಬೇಕು ಎಂಬ ಅರಿವು ಮೈಗೂಡುವುದು ಹೀಗೆ.

ಇದರ ಮೊದಲ ಪಾಠ ನಡೆಯುವುದು ಇನ್ನೂ ಮುಂಚೆ, ಕಣ್ಣು ಮುಚ್ಚಿ ತೆರೆದು ಕೂಸನ್ನು ನಗಿಸುವ ದೊಡ್ಡವರ ಜೊತೆಯಲ್ಲಿ. ನಿರ್ಲಕ್ಷ್ಯಕ್ಕೆ ಒಳಗಾದ ಮಗುವಿಗೆ ಆ ಜೊತೆಯೇ ಇರುವುದಿಲ್ಲ. ಅದು ನಕ್ಕರೆ ತಿರುಗಿ ನಗುವವರಿಲ್ಲ. ಎಸೆದ ಗಿಲಕಿಯನ್ನು ಎತ್ತಿಕೊಡುವವರಿಲ್ಲ.

ಹೊಡೆತದ ಗುರುತು ಮೈಮೇಲೆ ಕಾಣುತ್ತದೆ, ನಿರ್ಲಕ್ಷ್ಯದ್ದು ಕಾಣುವುದಿಲ್ಲ. ಅದಕ್ಕೇ ನಾವು ಅದನ್ನು ಹಗುರವಾಗಿ ಎಣಿಸುತ್ತೇವೆ. ಅಮೆರಿಕದ ಸಂಶೋಧಕಿ ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ಕಾಡುವುದು ಇದೇ ಕಾರಣಕ್ಕೆ. ಬಾಲ್ಯದಲ್ಲಿ ದೈಹಿಕ ಹಿಂಸೆ ಅನುಭವಿಸಿದವರಲ್ಲಿ ಶೇ 15.8ರಷ್ಟು ಮಂದಿ ಮುಂದೆ ಹಿಂಸಾತ್ಮಕ ಅಪರಾಧಕ್ಕಾಗಿ ಬಂಧನಕ್ಕೊಳಗಾಗಿದ್ದರು. ಯಾರೂ ಕೈಯೆತ್ತದೆ, ಬರೀ ನಿರ್ಲಕ್ಷ್ಯದಲ್ಲಿ ಬೆಳೆದವರಲ್ಲಿ ಆ ಪ್ರಮಾಣ ಶೇ 12.5. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿ ಶೇ 7.9. ನಿರ್ಲಕ್ಷ್ಯಕ್ಕೊಳಗಾದ ಬಹುಪಾಲು ಮಕ್ಕಳು ಯಾರಿಗೂ ಕೇಡು ಮಾಡುವುದಿಲ್ಲ ಎಂಬುದನ್ನೂ ಇದೇ ಅಂಕಿಗಳು ಹೇಳುತ್ತವೆ. ಅವರಿಗೆ ಹಣೆಪಟ್ಟಿ ಹಚ್ಚುವವರು ಇದನ್ನು ಓದಿಕೊಳ್ಳಬೇಕು.

ಆಟವೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 1962ರಲ್ಲಿ ಮಿಷಿಗನ್ ರಾಜ್ಯದಲ್ಲಿ ಶುರುವಾದ ಪೆರಿ ಶಾಲಾಪೂರ್ವ ಯೋಜನೆಯಲ್ಲಿ ಬಡ ಕುಟುಂಬದ ಮಕ್ಕಳು ತಾವು ಏನು ಆಡಬೇಕೆಂದು ತಾವೇ ಯೋಚಿಸಿ, ಆಡಿ, ಆಮೇಲೆ ಅದರ ಬಗ್ಗೆ ಮಾತನಾಡುತ್ತಿದ್ದರು. ಜೊತೆಗೆ ಶಿಕ್ಷಕಿಯರು ವಾರಕ್ಕೊಮ್ಮೆ ಅವರ ಮನೆಗೂ ಹೋಗುತ್ತಿದ್ದರು. ನಲವತ್ತನೆಯ ವಯಸ್ಸಿನ ಹೊತ್ತಿಗೆ ಐದು ಅಥವಾ ಹೆಚ್ಚು ಬಾರಿ ಬಂಧನಕ್ಕೊಳಗಾದವರು ಆ ಗುಂಪಿನಲ್ಲಿ ಶೇ 36, ಅವಕಾಶ ಸಿಗದ ಗುಂಪಿನಲ್ಲಿ ಶೇ 55. ಆಡಲು ಬಿಟ್ಟಿದ್ದು, ಮನೆಯವರ ಜೊತೆ ಕುಳಿತದ್ದು, ಎರಡೂ ಅಲ್ಲಿ ಸೇರಿದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳಲಾಗದು.

‘ಹದಿನಾರು ವರ್ಷದ ಹುಡುಗನಿಗೆ ಆಟವೇ? ಅವನಿಂದ ನೊಂದವರಿಗೆ ಏನು ಹೇಳುತ್ತೀರಿ?’ ಎಂದು ಕೇಳುವವರಿದ್ದಾರೆ. ನೊಂದವರ ಪರವಾಗಿ ಎದ್ದ ಪ್ರಶ್ನೆ, ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವಿಚಾರಣೆ ನಡೆಯಲಿ, ಮಾಡಿದ್ದಕ್ಕೆ ಅವನು ಹೊಣೆ ಹೊರಲಿ. ಆದರೆ ತಾನು ಯಾರನ್ನು ನೋಯಿಸಿದೆ ಎಂದು ಅರಿಯಲು ಅವನಿಗೆ ಎದುರಿನವರ ಮುಖ ಓದಲು ಬರಬೇಕು. ಅದು ಕೋಣೆಯೊಳಗೆ ಒಬ್ಬನೇ ಕುಳಿತರೆ ಬರುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೂ ಇದು ಔದಾರ್ಯದ ಮಾತಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಎನ್ನುತ್ತದೆ. ಸ್ವಾತಂತ್ರ್ಯ ಕಳೆದುಕೊಂಡ ಮಕ್ಕಳಿಗಾಗಿ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ನಿಯಮಗಳು ಪ್ರತಿದಿನ ವ್ಯಾಯಾಮಕ್ಕೆ, ಹವಾಮಾನ ಅನುಕೂಲವಿದ್ದಾಗ ಬಯಲಿನಲ್ಲೇ, ಸಮಯ ಕೊಡಬೇಕು ಎನ್ನುತ್ತವೆ; ಮನರಂಜನೆಗೆ ಬೇರೆ ಸಮಯ. ಒಳ್ಳೆಯ ನಡತೆ ತೋರಿದವರಿಗೆ ಮಾತ್ರ ಎಂದು ಅಲ್ಲೆಲ್ಲೂ ಬರೆದಿಲ್ಲ.

ಜಗಳ ನಡೆದ ದಿನವೇ ಆ ಹುಡುಗನಿಗೆ ಮೈದಾನ ಹೆಚ್ಚು ಬೇಕು, ಕಾವಲಿಗೆ ನಿಲ್ಲದೆ ಜೊತೆಗೆ ಆಡುವ ಒಬ್ಬ ದೊಡ್ಡವರೊಂದಿಗೆ. ಸಿಬ್ಬಂದಿಯ ನೇಮಕ ಮತ್ತು ತರಬೇತಿಯಲ್ಲಿ ಈ ಕೆಲಸಕ್ಕೆ ಜಾಗ ಇರಲಿ. ಆಟದ ಹೊತ್ತನ್ನು ಶಿಕ್ಷೆಯ ಪಟ್ಟಿಯಿಂದ ತೆಗೆದುಹಾಕಲಿ. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೆಚ್ಚುವರಿ ಹಣವೂ ಬೇಡ.